ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬ್ಲಾಕ್‌ಚೈನ್ ಮಂದಿಗೆ ಇದ್ದಕ್ಕಿದ್ದಂತೆ ನಮ್ಮ ಚಿಂತೆ ಹತ್ತಿಕೊಂಡಿದೆ. ನಮ್ಮ ಅಂದರೆ ಕೋಡ್ ಬರೆಯಲು ಬಾರದವರ. ಆಡಳಿತದಲ್ಲಿ ಜನಸಾಮಾನ್ಯರು ಪಾಲ್ಗೊಳ್ಳುತ್ತಿಲ್ಲವಂತೆ. ಮತಕ್ಕೆ ಬಂದ ಪ್ರಸ್ತಾವಗಳನ್ನು ಯಾರೂ ಓದುತ್ತಿಲ್ಲವಂತೆ. ಆದ್ದರಿಂದ ಎಲ್ಲವನ್ನೂ ಸರಳ ಮಾಡಬೇಕಂತೆ.

ಉಪಾಯಗಳೂ ಸಿದ್ಧವಾಗಿವೆ. ಎರಡು ನಿಮಿಷದ ಕಾರ್ಟೂನ್ ವಿಡಿಯೊ. ಕಷ್ಟದ ಪದಗಳಿಗೆ ಅರ್ಥಕೋಶ. ದೊಡ್ಡದೊಂದು ಹಸಿರು ಬಟನ್. ಎಐ ಬರೆದುಕೊಟ್ಟ ಮೂರು ಸಾಲಿನ ಸಾರಾಂಶ. ಮತ ಹಾಕಿದವರಿಗೆ ಬ್ಯಾಡ್ಜ್.

ರೋಗ ನಿಮ್ಮ ತಲೆಯಲ್ಲಿದೆ ಎಂಬುದು ಇವರ ನಿರ್ಣಯ. ನಿಮಗೆ ಅರ್ಥವಾಗುವುದಿಲ್ಲ, ಅದಕ್ಕೇ ನೀವು ಬರುವುದಿಲ್ಲ. ಅರ್ಥವಾಗಿದ್ದಕ್ಕೇ ಬರುತ್ತಿಲ್ಲವೇನೋ ಎಂಬ ಅನುಮಾನ ಒಬ್ಬರಿಗೂ ಬಂದಿಲ್ಲ.

ಹೊಸಬರಿಗಾಗಿ ಎರಡು ಮಾತು. ಡಾವೊ ಎಂದರೆ ಮಾಲೀಕನಿಲ್ಲ, ಮ್ಯಾನೇಜರ್ ಇಲ್ಲ, ಕಚೇರಿ ಇಲ್ಲ ಎಂದು ಹೇಳಿಕೊಳ್ಳುವ ಸಂಸ್ಥೆ. ನಿಯಮಗಳು ಬ್ಲಾಕ್‌ಚೈನ್ ಮೇಲಿನ ಕೋಡ್‌ನಲ್ಲಿರುತ್ತವೆ. ತೀರ್ಮಾನಗಳು ಟೋಕನ್ ಇಟ್ಟುಕೊಂಡವರ ಮತದಿಂದ ಆಗುತ್ತವೆ. ಒಂದು ಟೋಕನ್‌ಗೆ ಒಂದು ಮತ. ಒಬ್ಬ ಮನುಷ್ಯನಿಗೆ ಒಂದು ಮತ ಅಲ್ಲ. ಕಾರ್ಟೂನ್ ವಿಡಿಯೊ ಈ ಜಾಗಕ್ಕೆ ಬಂದಾಗ ಸ್ವಲ್ಪ ಬೇಗ ಓಡುತ್ತದೆ.

ಯೂನಿಸ್ವಾಪ್ ತೆಗೆದುಕೊಳ್ಳಿ. ಕ್ರಿಪ್ಟೊ ವಿನಿಮಯದಲ್ಲಿ ದೊಡ್ಡ ಹೆಸರು. 2020ರ ಸೆಪ್ಟೆಂಬರ್‌ನಲ್ಲಿ, ಅದುವರೆಗೆ ತನ್ನನ್ನು ಬಳಸಿದ್ದ ಒಂದೊಂದು ವಾಲೆಟ್‌ಗೂ 400 ಟೋಕನ್ ಪುಕ್ಕಟೆ ಹಂಚಿತು. ಆಡಳಿತ ಇನ್ನು ನಿಮ್ಮದು ಎಂದಿತು. ಜನ ಹಬ್ಬ ಮಾಡಿದರು.

ಎಷ್ಟು ನಮ್ಮದಾಯಿತು, ಲೆಕ್ಕ ಹಾಕೋಣ. ಒಂದು ಪ್ರಸ್ತಾವ ಗೆಲ್ಲಬೇಕಾದರೆ ಕನಿಷ್ಠ 4 ಕೋಟಿ ಟೋಕನ್‌ಗಳ ಬೆಂಬಲ ಬೇಕು. ಅಂದರೆ ತಲಾ 400 ಇಟ್ಟುಕೊಂಡ ಒಂದು ಲಕ್ಷ ಮಂದಿ ಒಂದೇ ವಾರದೊಳಗೆ ಒಂದೇ ಕಡೆ ಬಟನ್ ಒತ್ತಬೇಕು. ಪ್ರಸ್ತಾವ ಮಂಡಿಸುವುದಕ್ಕೆ ಮೊದಲು 1 ಕೋಟಿ ಟೋಕನ್ ಬೇಕಿತ್ತು. ದೊಡ್ಡ ಮನಸ್ಸು ಮಾಡಿ 25 ಲಕ್ಷಕ್ಕೆ ಇಳಿಸಿದರು. ಇನ್ನೂ ದೊಡ್ಡ ಮನಸ್ಸು ಮಾಡಿ 10 ಲಕ್ಷಕ್ಕೆ ಇಳಿಸಿದರು. ಜನಸಾಮಾನ್ಯನಿಗೆ ಇನ್ನೇನು ಬೇಕು?

2023ರ ಫೆಬ್ರುವರಿಯಲ್ಲಿ ಇದೇ ಯೂನಿಸ್ವಾಪ್‌ನ ಒಂದು ಪ್ರಸ್ತಾವಕ್ಕೆ ಆಂಡ್ರೀಸನ್ ಹೊರೊವಿಟ್ಸ್ ಎಂಬ ಹೂಡಿಕೆ ಕಂಪನಿ 1.5 ಕೋಟಿ ಟೋಕನ್ ಹಿಡಿದು 'ಬೇಡ' ಎಂದಿತು. ತಲಾ 400ರ ಲೆಕ್ಕದಲ್ಲಿ ಅದು 37,500 ಜನರ ದನಿ. ಒಂದೇ ಕ್ಲಿಕ್. ಆ ಕಂಪನಿ ಸೋತಿತು ಎನ್ನುವುದು ಬೇರೆ ಮಾತು. ಸೋಲಿಸಿದವರು ನಾವಲ್ಲ, ಒಟ್ಟುಗೂಡಿದ ಇತರ ದೊಡ್ಡವರು.

ಇನ್ನೊಂದು ತಮಾಷೆಯಿದೆ. ಟೋಕನ್ ನಿಮ್ಮ ವಾಲೆಟ್‌ನಲ್ಲಿ ಬಿದ್ದಿದ್ದ ಮಾತ್ರಕ್ಕೆ ಮತ ನಿಮ್ಮದಾಗುವುದಿಲ್ಲ. ನಿಮ್ಮ ಮತವನ್ನು ನೀವೇ ನಿಮಗೆ ಡೆಲಿಗೇಟ್ ಮಾಡಿಕೊಳ್ಳಬೇಕು. ಅದಕ್ಕೊಂದು ವಹಿವಾಟು. ಆ ವಹಿವಾಟಿಗೆ ಗ್ಯಾಸ್ ಫೀ ಎಂಬ ಶುಲ್ಕ. ಅದನ್ನು ಕಟ್ಟಲು ಕೈಯಲ್ಲಿ ಈಥೀರಿಯಂ ಬ್ಲಾಕ್‌ಚೈನ್‌ನ ನಾಣ್ಯವಾದ ಈಥರ್ ಇರಬೇಕು. ಇಷ್ಟೆಲ್ಲ ಮತದಾನ ಶುರುವಾಗುವ ಮುಂಚೆಯೇ ಮುಗಿದಿರಬೇಕು. ಒಂದು ಗಳಿಗೆ ತಡವಾದರೂ ಆ ಪ್ರಸ್ತಾವದಲ್ಲಿ ನಿಮ್ಮ 400ರ ಬೆಲೆ ಸೊನ್ನೆ. ಮತ ಹಾಕುವಾಗ ಮತ್ತೆ ಗ್ಯಾಸ್ ಫೀ. ಇದಕ್ಕೆಲ್ಲ ಮೂಲವಾದ ಹನ್ನೆರಡು ಪದಗಳ ಸೀಡ್ ಫ್ರೇಸ್ ಬರೆದಿಟ್ಟ ಚೀಟಿ ಕಳೆದುಹೋದರೆ ಟೋಕನ್ನೂ ಹೋಯಿತು, ಪ್ರಜಾಪ್ರಭುತ್ವವೂ ಹೋಯಿತು. ದೂರು ಕೊಡಲು ಕೌಂಟರ್ ಇಲ್ಲ.

2022ರಲ್ಲಿ ಚೈನಾಲಿಸಿಸ್ ಎಂಬ ವಿಶ್ಲೇಷಣಾ ಸಂಸ್ಥೆ ಹತ್ತು ದೊಡ್ಡ ಡಾವೊಗಳನ್ನು ಬಗೆದು ನೋಡಿತು. ಶೇ 1ಕ್ಕಿಂತ ಕಡಿಮೆ ಮಂದಿಯ ಕೈಯಲ್ಲಿ ಶೇ 90ರಷ್ಟು ಮತಬಲ. ಉಳಿದ ಶೇ 99ರಷ್ಟು ಜನಕ್ಕೆ ಅರ್ಥಕೋಶ ಕೊಡುತ್ತಾರಂತೆ.

ಸರಿ, ಕೋಡ್ ಬಾರದ ನಾವು ದಡ್ಡರು ಎಂದೇ ಇಟ್ಟುಕೊಳ್ಳೋಣ. ಕೋಡ್ ಬಲ್ಲವರು ಏನು ಕಡಿದು ಕಟ್ಟೆ ಹಾಕಿದ್ದಾರೆ?

ಜೂನೊ ಎಂಬ ಬ್ಲಾಕ್‌ಚೈನ್‌ನ ಕತೆ ಕೇಳಿ. ಜಪಾನಿನ ಹೂಡಿಕೆದಾರನೊಬ್ಬ ಹತ್ತಾರು ವಾಲೆಟ್‌ಗಳ ಮೂಲಕ ಪುಕ್ಕಟೆ ಟೋಕನ್‌ಗಳನ್ನು ಮಿತಿಮೀರಿ ಬಾಚಿಕೊಂಡಿದ್ದಾನೆ ಎಂಬ ಆರೋಪ ಎದ್ದಿತು. ಕಿತ್ತುಕೊಳ್ಳೋಣ ಎಂದಿತು ಸಮುದಾಯ. ಅದು ನನ್ನೊಬ್ಬನದಲ್ಲ, ನನ್ನನ್ನು ನಂಬಿ ಹಣ ಕೊಟ್ಟವರದ್ದು ಎಂದ ಆತ. ಕೇಳುವವರಾರು? 2022ರಲ್ಲಿ ಮತಕ್ಕೆ ಹಾಕಿದರು. ಬಹುಮತ ಬಂತು. ನಿಮ್ಮ ಆಸ್ತಿಯನ್ನು ಯಾವ ಸರ್ಕಾರವೂ ಮುಟ್ಟಲಾರದು ಎಂದು ಊರೆಲ್ಲ ಡಂಗುರ ಹೊಡೆದವರು, ತಾವೇ ಕೈ ಎತ್ತಿ ಆಸ್ತಿ ಜಪ್ತಿ ಮಾಡಿದರು.

ಮುಂದಿನದು ಇನ್ನೂ ಚೆನ್ನಾಗಿದೆ. ಜಪ್ತಿಯಾದ ಸುಮಾರು 30 ಲಕ್ಷ ಟೋಕನ್‌ಗಳು ಸಮುದಾಯದ ಹತೋಟಿಯಲ್ಲಿದ್ದ ಒಂದು ವಿಳಾಸಕ್ಕೆ ಹೋಗಬೇಕಿತ್ತು. ಆ ವಿಳಾಸವನ್ನು ಪ್ರೋಗ್ರಾಮರ್‌ಗೆ ಕಳಿಸಿಕೊಟ್ಟರು. ಅದರ ಕೆಳಗೇ ವಹಿವಾಟಿನ ಹ್ಯಾಶ್ ಕೂಡ ಇತ್ತು. ಎರಡೂ ತಲೆಬುಡ ತಿಳಿಯದ ಉದ್ದುದ್ದ ಅಕ್ಷರ, ಅಂಕಿಗಳ ಸಾಲು. ಆತ ವಿಳಾಸ ಬಿಟ್ಟು ಹ್ಯಾಶ್ ಕಾಪಿ ಮಾಡಿದ. ಪೇಸ್ಟ್ ಮಾಡಿದ. ಅಂದಿನ ಬೆಲೆಯಲ್ಲಿ 3.6 ಕೋಟಿ ಡಾಲರ್ ಮೊತ್ತದ ಟೋಕನ್ ಯಾರ ಕೈಗೂ ಎಟುಕದ ಕಡೆ ಹೋಗಿ ಕೂತಿತು.

ಆ ಕೋಡನ್ನು ತಮ್ಮ ಯಂತ್ರಗಳಲ್ಲಿ ಓಡಿಸಿದ್ದು ನೂರಕ್ಕೂ ಹೆಚ್ಚು ವ್ಯಾಲಿಡೇಟರ್‌ಗಳು. ಪರಿಶೀಲನೆಯೇ ಅವರ ಕಸುಬು. ಅದಕ್ಕೇ ಅವರಿಗೆ ಪ್ರತಿಫಲ. ಒಬ್ಬರೂ ಕಣ್ಣು ಹಾಯಿಸಲಿಲ್ಲ. ಆಮೇಲೆ ಇನ್ನೊಂದು ಪ್ರಸ್ತಾವ, ಇನ್ನೊಂದು ಮತದಾನ, ಇನ್ನೊಂದು ಅಪ್‌ಗ್ರೇಡ್ ಮಾಡಿ ಸರಿಪಡಿಸಿಕೊಂಡರು. ಈಗ ಹೇಳಿ, ಇದರಲ್ಲಿ ಶಿಕ್ಷಣ ಬೇಕಾದ್ದು ಯಾರಿಗೆ?

ಟೊರ್ನಾಡೊ ಕ್ಯಾಶ್ ಎಂಬ ಡಾವೊದ್ದು ಇನ್ನೊಂದು ಬಗೆ. 2023ರ ಮೇ ತಿಂಗಳು. ಯಾರೋ ಒಂದು ಪ್ರಸ್ತಾವ ತಂದರು. ಹಿಂದೆ ನೀವೇ ಒಪ್ಪಿದ ಪ್ರಸ್ತಾವದ ತರ್ಕವನ್ನೇ ಇದರಲ್ಲೂ ಬಳಸಿದ್ದೇನೆ ಎಂದರು. ಎಲ್ಲರೂ ತಲೆಯಾಡಿಸಿದರು. ಒಳಗೊಂದು ಹೆಚ್ಚುವರಿ ಫಂಕ್ಷನ್ ಇತ್ತು. ಪ್ರಸ್ತಾವ ಪಾಸಾದ ಮೇಲೆ ಕೋಡ್ ತನ್ನನ್ನು ತಾನೇ ಅಳಿಸಿಕೊಂಡು, ಅದೇ ವಿಳಾಸದಲ್ಲಿ ಬೇರೆ ಕೋಡ್ ಬಂದು ಕೂತಿತು. ತಂದವನ ಖಾತೆಗೆ 12 ಲಕ್ಷ ಮತ ಸೇರಿತು. ಅಸಲಿ ಮತಗಳಿದ್ದದ್ದು ಸುಮಾರು 7 ಲಕ್ಷ. ಇಡೀ ಆಡಳಿತ ಒಬ್ಬನ ಕೈಗೆ ಹೋಯಿತು. ಕೆಲವು ದಿನಗಳ ಬಳಿಕ ಅವನೇ ಇನ್ನೊಂದು ಪ್ರಸ್ತಾವ ತಂದು ಆಡಳಿತ ಮರಳಿಸಿದ. ಪ್ರಜಾಪ್ರಭುತ್ವ ಉಳಿದದ್ದು ಕಳ್ಳನ ಕೃಪೆಯಿಂದ.

ಇಲ್ಲಿ ಮತ ಹಾಕಿದವರು ಹಳ್ಳಿಯ ಮುಗ್ಧರಲ್ಲ. ಕೋಡನ್ನೇ ಉಸಿರಾಡುವವರು. ಅವರಿಗೇ ಕಾಣದ್ದು ಎಐ ಸಾರಾಂಶ ಓದಿದ ನಿಮಗೆ ಕಾಣುತ್ತದೆಯೇ? ಸಾರಾಂಶದಲ್ಲಿ ಏನಿರುತ್ತಿತ್ತು ಎಂದು ನಾನೇ ಹೇಳಬಲ್ಲೆ. 'ಹಿಂದೆ ಅಂಗೀಕಾರವಾದ ಪ್ರಸ್ತಾವದ ತರ್ಕವನ್ನೇ ಇದು ಅನುಸರಿಸುತ್ತದೆ.'

ಬೀನ್‌ಸ್ಟಾಕ್ ಎಂಬ ಇನ್ನೊಂದು ಡಾವೊದಲ್ಲಿ ಅಷ್ಟು ಕಣ್ಕಟ್ಟೂ ಬೇಕಾಗಲಿಲ್ಲ. 2022ರ ಏಪ್ರಿಲ್ 17. ಒಬ್ಬ ಒಂದೇ ವಹಿವಾಟಿನಲ್ಲಿ ಸುಮಾರು 100 ಕೋಟಿ ಡಾಲರ್ ಫ್ಲ್ಯಾಶ್ ಲೋನ್, ಅಂದರೆ ಕ್ಷಣದ ಸಾಲ, ಎತ್ತಿದ. ಅದರಿಂದ ಮೂರನೇ ಎರಡರಷ್ಟು ಬಹುಮತ ಖರೀದಿಸಿದ. ಹಿಂದಿನ ದಿನವೇ ಮಂಡಿಸಿಟ್ಟಿದ್ದ ತನ್ನ ಪ್ರಸ್ತಾವವನ್ನು ಅಂಗೀಕರಿಸಿದ. ಖಜಾನೆ ಬಳಿದ. ಸಾಲ ತೀರಿಸಿದ. ಎಲ್ಲ ಮುಗಿಯಲು ಹಿಡಿದದ್ದು ಸೆಕೆಂಡುಗಳು. ಸಂಸ್ಥೆಗೆ ಆದ ನಷ್ಟ 18.2 ಕೋಟಿ ಡಾಲರ್. ಜೊತೆಗೆ ಉಕ್ರೇನ್‌ಗೆ 2.5 ಲಕ್ಷ ಡಾಲರ್ ದಾನ ಕೊಡುವ ಪ್ರಸ್ತಾವವನ್ನೂ ಇಟ್ಟಿದ್ದ. ದಾನವಂತ.

ಆ ಪ್ರಸ್ತಾವ ಇಡೀ ಒಂದು ದಿನ ಎಲ್ಲರ ಕಣ್ಣೆದುರೇ ಇತ್ತು. ಬ್ಲಾಕ್‌ಚೈನ್‌ನಲ್ಲಿ ಎಲ್ಲ ಪಾರದರ್ಶಕ. ಯಾರೂ ನೋಡುವುದಿಲ್ಲ, ಅಷ್ಟೆ.

ಇಷ್ಟಾದ ಮೇಲೆ 'ಕೋಡೇ ಕಾನೂನು' ಎಂಬ ಮಂತ್ರಕ್ಕೆ ಬರೋಣ. ಮನುಷ್ಯರನ್ನು ನಂಬಬೇಡಿ, ಕೋಡ್ ನಂಬಿ. ಕೋಡ್ ಹೇಳಿದ್ದೇ ಅಂತಿಮ. ಕೇಳಲು ಖಡಕ್ಕಾಗಿದೆ. ದೊಡ್ಡವರ ದುಡ್ಡು ಹೋಗುವವರೆಗೆ.

2016ರಲ್ಲಿ 'ದಿ ಡಾವೊ' ಎಂಬ ಮೊದಲ ದೊಡ್ಡ ಪ್ರಯೋಗಕ್ಕೆ ಸುಮಾರು 15 ಕೋಟಿ ಡಾಲರ್ ಮೊತ್ತದ ಈಥರ್ ಹರಿದುಬಂತು. ವಿವರಣೆಗೂ ಕೋಡ್‌ಗೂ ವ್ಯತ್ಯಾಸ ಬಂದರೆ ಕೋಡೇ ಸರಿ ಎಂದು ಷರತ್ತಿನಲ್ಲೇ ಬರೆದಿದ್ದರು. ಜೂನ್ 17ರಂದು ಒಬ್ಬ ಕೋಡ್ ಹೇಳಿದ ಹಾಗೇ ಕೇಳಿ 36 ಲಕ್ಷ ಈಥರ್ ಎತ್ತಿಕೊಂಡು ಹೋದ. ಆಗ ಎಲ್ಲರಿಗೂ ಏಕಾಏಕಿ ಮನುಷ್ಯರ ಮೇಲೆ ನಂಬಿಕೆ ಉಕ್ಕಿತು. ಇತಿಹಾಸವನ್ನೇ ತಿದ್ದೋಣ, ಫೋರ್ಕ್ ಮಾಡೋಣ ಎಂದರು. ಸಮುದಾಯದ ಅಭಿಪ್ರಾಯ ಕೇಳಿದರು. ಶೇ 87ರಷ್ಟು ಪರ. ಒಟ್ಟು ಈಥರ್‌ನಲ್ಲಿ ಈ ಮತದಾನಕ್ಕೆ ಬಂದದ್ದು ಶೇ 6ಕ್ಕಿಂತ ಕಡಿಮೆ. ಜುಲೈನಲ್ಲಿ ಫೋರ್ಕ್ ಆಯಿತು. ಮಂತ್ರವನ್ನು ಪಾಲಿಸುತ್ತೇವೆ ಎಂದು ಹಟ ಹಿಡಿದವರು ಈಥೀರಿಯಂ ಕ್ಲಾಸಿಕ್ ಎಂಬ ಹಳೆ ಸರಪಳಿಯಲ್ಲೇ ಉಳಿದರು.

ಕಾಂಪೌಂಡ್ ಎಂಬ ಕ್ರಿಪ್ಟೊ ಸಾಲದ ವೇದಿಕೆಯ ಪ್ರಸಂಗ ನನಗೆ ಇದಕ್ಕಿಂತ ಪ್ರಿಯ. 2021ರ ಸೆಪ್ಟೆಂಬರ್ ಕೊನೆಗೆ 62ನೇ ಪ್ರಸ್ತಾವ ಮತದಾನದಲ್ಲಿ ಗೆದ್ದು ಜಾರಿಯಾಯಿತು. ಅದರಲ್ಲಿ ಬಗ್ ಇತ್ತು. ಸುಮಾರು 8 ಕೋಟಿ ಡಾಲರ್ ಮೊತ್ತದ ಟೋಕನ್‌ಗಳು ಸಿಕ್ಕಸಿಕ್ಕವರ ಪಾಲಾಗತೊಡಗಿದವು. ನಲ್ಲಿ ನಿಲ್ಲಿಸಿ ಎಂದರೆ ಆಗುವುದಿಲ್ಲ. ಏಕೆಂದರೆ ಇದು ವಿಕೇಂದ್ರೀಕೃತ ಆಡಳಿತ. ಸರಿಪಡಿಸಲು ಇನ್ನೊಂದು ಪ್ರಸ್ತಾವ ತರಬೇಕು. ಮತದಾನವಾಗಬೇಕು. ಅದಕ್ಕೆ ಏಳು ದಿನ. ಅಷ್ಟು ದಿನ ಎಲ್ಲರೂ ಕಣ್ಣು ಬಿಟ್ಟುಕೊಂಡು ನೋಡುತ್ತ ಕೂತರು.

ಆಗ ಸಂಸ್ಥಾಪಕ ರಾಬರ್ಟ್ ಲೆಶ್ನರ್ ಟ್ವೀಟ್ ಮಾಡಿದರು. ಹೆಚ್ಚುವರಿ ಬಂದದ್ದನ್ನು ವಾಪಸ್ ಮಾಡಿ, ಶೇ 10ರಷ್ಟು ಇಟ್ಟುಕೊಳ್ಳಿ, ಇಲ್ಲವಾದರೆ ಅದನ್ನು ನಿಮ್ಮ ಆದಾಯವೆಂದು ಅಮೆರಿಕದ ತೆರಿಗೆ ಇಲಾಖೆಗೆ ತಿಳಿಸಲಾಗುತ್ತದೆ.

ಇನ್ನೊಮ್ಮೆ ಓದಿಕೊಳ್ಳಿ. ಬ್ಯಾಂಕ್ ಬೇಡ, ಸರ್ಕಾರ ಬೇಡ, ಗುರುತು ಬೇಡ ಎಂದು ಕಟ್ಟಿದ ಸಾಮ್ರಾಜ್ಯ. ಎಂಟು ಕೋಟಿ ಡಾಲರ್ ಕೈಬಿಟ್ಟ ಕೂಡಲೇ ನೆನಪಾದದ್ದು ಇನ್‌ಕಮ್ ಟ್ಯಾಕ್ಸ್‌ನವರು. ಬೈಗುಳ ಬಿದ್ದ ಮೇಲೆ ಲೆಶ್ನರ್ ಅದು ಪೆದ್ದು ಮಾತು ಎಂದು ಒಪ್ಪಿಕೊಂಡರು. ಬಾಯಿಂದ ಬಂದದ್ದಂತೂ ಬಂದಾಗಿತ್ತು.

ಮತದಾನ ಮಾಡಿಸುವುದರಲ್ಲೂ ಇವರ ಕೈಚಳಕ ನೋಡಬೇಕು. 2022ರ ಜೂನ್ 19ರಂದು ಸೋಲೆಂಡ್ ಎಂಬ ಸಾಲದ ವೇದಿಕೆ ತುರ್ತು ಮತದಾನ ಕರೆಯಿತು. ದೊಡ್ಡ ಗಿರಾಕಿಯೊಬ್ಬನ ಖಾತೆಯನ್ನು ನಮ್ಮ ವಶಕ್ಕೆ ತೆಗೆದುಕೊಳ್ಳುತ್ತೇವೆ, ಒಪ್ಪಿಗೆ ಕೊಡಿ. ಕಾಲಾವಕಾಶ ಕೆಲವೇ ಗಂಟೆ. ಶೇ 97.5ರಷ್ಟು ಒಪ್ಪಿಗೆ ಬಂತು. ಹೌದೆಂದ ಸುಮಾರು 11.5 ಲಕ್ಷ ಮತಗಳಲ್ಲಿ 10 ಲಕ್ಷ ಒಂದೇ ವಾಲೆಟ್‌ನದು. ಜಗತ್ತೆಲ್ಲ ಉಗಿಯಿತು. ಮರುದಿನವೇ ಇನ್ನೊಂದು ಮತದಾನ, ನಿನ್ನೆಯದು ರದ್ದು. ಅದಕ್ಕೆ ಶೇ 99ಕ್ಕೂ ಹೆಚ್ಚು ಒಪ್ಪಿಗೆ. ಸಮುದಾಯಕ್ಕೆ ಒಂದೇ ರಾತ್ರಿಯಲ್ಲಿ ಜ್ಞಾನೋದಯ.

ಆರ್ಬಿಟ್ರಮ್ ಎಂಬ ಜಾಲ ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ. 2023ರ ಮಾರ್ಚ್ 23ರಂದು ಟೋಕನ್ ಹಂಚಿತು. ಈಗ ನೀವೇ ದೊರೆಗಳು ಎಂದಿತು. ಮಾರ್ಚ್ ಮುಗಿಯುವುದರೊಳಗೆ ಮೊದಲ ಪ್ರಸ್ತಾವ ಬಂತು. ಸುಮಾರು 100 ಕೋಟಿ ಡಾಲರ್ ಬೆಲೆಯ 75 ಕೋಟಿ ಟೋಕನ್‌ಗಳನ್ನು ಫೌಂಡೇಶನ್‌ಗೆ ಕೊಡಿ. ಜನ ಬೇಡವೆಂದು ಮತ ಹಾಕುತ್ತಿದ್ದಾಗ ಗೊತ್ತಾಯಿತು, ಅದರಲ್ಲಿ 5 ಕೋಟಿ ಟೋಕನ್ ಆಗಲೇ ಹೊರಗೆ ಹೋಗಿದೆ. 4 ಕೋಟಿ ಸಾಲವಾಗಿ, 1 ಕೋಟಿ ನಗದಾಗಿ. ಕೇಳಿದ್ದಕ್ಕೆ ಬಂದ ಉತ್ತರ ಅಮೋಘ. ನಾವು ನಿಮ್ಮ ಅಪ್ಪಣೆ ಕೇಳಿಲ್ಲ, ಆಗಿರುವುದನ್ನು ಅನುಮೋದಿಸಿ ಎಂದಿದ್ದೇವೆ. ಗಲಾಟೆಯಾಯಿತು. ಪ್ರಸ್ತಾವ ಬಿತ್ತು. ಕ್ಷಮೆ ಬಂತು. ಅದನ್ನು ಸಣ್ಣಸಣ್ಣ ಪ್ರಸ್ತಾವಗಳಾಗಿ ಒಡೆದು ಮತ್ತೆ ತಂದರು.

ಅನುಮೋದನೆಗೆ ತಾಂತ್ರಿಕ ಜ್ಞಾನ ಬೇಕಿಲ್ಲ ನಿಜ. ಹೆಬ್ಬೆಟ್ಟು ಸಾಕು.

ಒಮ್ಮೆ ಮಾತ್ರ ಜನಸಾಮಾನ್ಯರು ನಿಜವಾಗಿ ಬಂದರು. ಯಾರ ಅರ್ಥಕೋಶವೂ ಇಲ್ಲದೆ ಬಂದರು. 2021ರ ನವೆಂಬರ್‌ನಲ್ಲಿ ಅಮೆರಿಕದ ಸಂವಿಧಾನದ ಮೂಲ ಮುದ್ರಿತ ಪ್ರತಿಯೊಂದು ಸೋದಬೀಸ್‌ನಲ್ಲಿ ಹರಾಜಿಗೆ ಬಂದಾಗ, ಅದನ್ನು ಕೊಳ್ಳಲು ಕಾನ್‌ಸ್ಟಿಟ್ಯೂಷನ್ ಡಾವೊ ಹುಟ್ಟಿತು. 17,437 ಜನ ಸೇರಿ 4 ಕೋಟಿ ಡಾಲರ್‌ಗೂ ಹೆಚ್ಚು ಕೂಡಿಸಿದರು. ಅವರಲ್ಲಿ ಅರ್ಧದಷ್ಟು ಮಂದಿ ಕೊಟ್ಟದ್ದು ಇನ್ನೂರು ಚಿಲ್ಲರೆ ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಜೀವನದಲ್ಲಿ ಮೊದಲ ಬಾರಿ ವಾಲೆಟ್ ತೆರೆದವರು ಎಷ್ಟೋ.

ಅವರಿಗೆ ಸಿಗುವುದು ಆ ಪ್ರತಿಯಲ್ಲಿ ಪಾಲಲ್ಲ, ಅದನ್ನು ಎಲ್ಲಿ ಪ್ರದರ್ಶಿಸಬೇಕು ಎಂದು ಮತ ಹಾಕುವ ಹಕ್ಕು ಎಂದು ಮೊದಲೇ ಹೇಳಿದ್ದರು. ಆ ಹಕ್ಕೂ ದಕ್ಕಲಿಲ್ಲ. ಹೆಡ್ಜ್ ಫಂಡ್ ಕುಬೇರ ಕೆನ್ ಗ್ರಿಫಿನ್ 4.32 ಕೋಟಿ ಡಾಲರ್‌ಗೆ ಪ್ರತಿಯನ್ನು ಒಯ್ದರು. ಹದಿನೇಳು ಸಾವಿರ ಜನರನ್ನು ಒಬ್ಬ ಸೋಲಿಸಿದ. ಎಷ್ಟು ಕೂಡಿಸಿದ್ದಾರೆ ಎಂಬ ಲೆಕ್ಕ ಬ್ಲಾಕ್‌ಚೈನ್‌ನಲ್ಲಿ ಬಟಾಬಯಲಾಗಿದ್ದದ್ದು ಎದುರಾಳಿಗೆ ಎಂಥ ಅನುಕೂಲ.

ಇನ್ನು ಹಣ ವಾಪಸ್. ಅಲ್ಲಿ ಗ್ಯಾಸ್ ಫೀ ಕಾದು ಕೂತಿತ್ತು. ಕೊಡುವಾಗಲೂ ಫೀ, ಮರಳಿ ಪಡೆಯುವಾಗಲೂ ಫೀ. ಕಡಿಮೆ ಕೊಟ್ಟವರಲ್ಲಿ ಕೆಲವರಿಗೆ ವಾಪಸ್ ಪಡೆಯುವ ಖರ್ಚು ಕೊಟ್ಟ ಹಣಕ್ಕಿಂತ ಹೆಚ್ಚಾಯಿತು. ದೊಡ್ಡ ಮೊತ್ತ ಕೊಟ್ಟವರಿಗೆ ಇದು ಗೊತ್ತೂ ಆಗಲಿಲ್ಲ. ಎಲ್ಲರಿಗೂ ಒಂದೇ ಫೀ ಇಟ್ಟಿರುವ ಈ ಸಮಾನತೆಯನ್ನು ಯಾರಾದರೂ ಸುಧಾರಣೆಯ ಪಟ್ಟಿಗೆ ಸೇರಿಸಿದ್ದನ್ನು ನಾನು ನೋಡಿಲ್ಲ.

ಕರೆದರೆ ಬರುವುದಿಲ್ಲ ಎಂದಾಗ ಎಳೆದು ತರುವ ದಾರಿಯೂ ಇದೆ. ಕಾರ್ಡಾನೊ ಎಂಬ ಬ್ಲಾಕ್‌ಚೈನ್ ತನ್ನ ಆಡಳಿತದ ಘಟ್ಟಕ್ಕೆ ವೋಲ್ಟೇರ್ ಎಂದು ಹೆಸರಿಟ್ಟಿತು. ಆ ತತ್ವಜ್ಞಾನಿ ಹುಟ್ಟಿದ ಇಸವಿ 1694 ಎಂದು ಪ್ರಸ್ತಾವಕ್ಕೂ ಅದೇ ಸಂಖ್ಯೆ ಕೊಟ್ಟಿತು. ಸಂವಿಧಾನ ಬರೆಯಿತು. ಸಮಾವೇಶ ಮಾಡಿತು. 2025ರ ಜನವರಿಯ ಅಪ್‌ಗ್ರೇಡ್ ಆದಮೇಲೆ ಒಂದು ನಿಯಮ ಜಾರಿಗೆ ಬಂತು. ಪ್ರತಿನಿಧಿಯೊಬ್ಬನಿಗೆ ನಿಮ್ಮ ಮತ ವಹಿಸಿಕೊಡದಿದ್ದರೆ, ನಿಮ್ಮ ಟೋಕನ್‌ಗಳ ಮೇಲೆ ಬಂದ ಪ್ರತಿಫಲವನ್ನು ನೀವು ತೆಗೆಯುವಂತಿಲ್ಲ. ಪ್ರತಿನಿಧಿ ಬೇಡವಾದವರಿಗೆ 'ಸದಾ ತಟಸ್ಥ' ಎಂಬ ಆಯ್ಕೆ ಇದೆ. ಒತ್ತಿ, ಹಣ ತೆಗೆದುಕೊಳ್ಳಿ, ನಡೆಯಿರಿ. ಮನುಷ್ಯನ ಸ್ವಾತಂತ್ರ್ಯಕ್ಕಾಗಿ ಬಡಿದಾಡಿದವನ ಹೆಸರಿನಲ್ಲಿ ಬಡ್ಡಿ ತಡೆಹಿಡಿದು ಪಾಲ್ಗೊಳ್ಳಿಸುವ ಯೋಜನೆ. ಬದುಕಿದ್ದರೆ ವೋಲ್ಟೇರನೇ ಇದನ್ನು ನನಗಿಂತ ಚೆನ್ನಾಗಿ ಬರೆಯುತ್ತಿದ್ದ.

ಪೋಲ್ಕಾಡಾಟ್ ಎಂಬ ಇನ್ನೊಂದು ಬ್ಲಾಕ್‌ಚೈನ್‌ನಲ್ಲಿ ದೃಢ ನಂಬಿಕೆಗೂ ತೂಕದ ಕಲ್ಲು ಇದೆ. ಟೋಕನ್‌ಗಳನ್ನು 224 ದಿನ ಬೀಗ ಹಾಕಿ ಇಟ್ಟರೆ ನಿಮ್ಮ ಮತಕ್ಕೆ ಆರು ಪಟ್ಟು ಬೆಲೆ. ಬೀಗ ಬೇಡವೆಂದರೆ ಹತ್ತನೇ ಒಂದು. ಅಂದರೆ ಮುಂದಿನ ತಿಂಗಳ ಮನೆ ಬಾಡಿಗೆಗೆ ಆ ದುಡ್ಡು ಬೇಕಾಗಬಹುದು ಎನ್ನುವವನದು ಕಾಲಂಶದ ನಂಬಿಕೆಯೂ ಅಲ್ಲ. ಅಷ್ಟು ಹಣವನ್ನು ಏಳು ತಿಂಗಳು ಮರೆತುಬಿಡಬಲ್ಲವನದು ಅಚಲ ಶ್ರದ್ಧೆ. ಇದೇ ಪೋಲ್ಕಾಡಾಟ್‌ನ ಖಜಾನೆ 2024ರ ಮೊದಲ ಆರು ತಿಂಗಳಲ್ಲಿ ಖರ್ಚು ಮಾಡಿದ್ದು 8.7 ಕೋಟಿ ಡಾಲರ್. ಅದರಲ್ಲಿ 3.7 ಕೋಟಿ ಪ್ರಚಾರಕ್ಕೆ. ಜನರನ್ನು ತಲುಪುವುದಕ್ಕಂತೆ.

ಕರ್ವ್ ಎಂಬ ಕ್ರಿಪ್ಟೊ ವಿನಿಮಯದಲ್ಲಿ ಈ ನಾಟಕವೂ ಇಲ್ಲ. ನಾಲ್ಕು ವರ್ಷ ಬೀಗ ಹಾಕಿದವರಿಗೆ ಅತಿ ಹೆಚ್ಚು ಮತ. ಆ ಮತಗಳನ್ನು ತಮ್ಮ ಕಡೆ ತಿರುಗಿಸಿಕೊಳ್ಳಲು ದುಡ್ಡು ಸುರಿಯುವವರಿಗೆ ವೋಟಿಯಂನಂಥ ಬಹಿರಂಗ ಮಾರುಕಟ್ಟೆ. ಒಂದು ಮತಕ್ಕೆ ಎಷ್ಟು ಎಂಬ ದರ ಹಾಡಹಗಲೇ ಪರದೆಯ ಮೇಲೆ. ಈ ಕ್ಷೇತ್ರದಲ್ಲಿ ಜನಸಾಮಾನ್ಯರಿಗೂ ಥಟ್ಟನೆ ಅರ್ಥವಾಗುವಷ್ಟು ಸರಳವಾಗಿರುವ ವ್ಯವಸ್ಥೆ ಇದೊಂದೇ.

ಈ ಗಾಳಿ ನಮ್ಮ ಕಡೆಗೂ ಬೀಸಿದೆ. ಬೆಂಗಳೂರಿನಲ್ಲಿ ಈಥ್‌ಇಂಡಿಯಾ ಹ್ಯಾಕಥಾನ್‌ಗಳಾಗಿವೆ. ನಮ್ಮ ಹುಡುಗ ಹುಡುಗಿಯರು ಹಗಲು ರಾತ್ರಿ ಕೂತು ಕೋಡ್ ಬರೆದಿದ್ದಾರೆ. ಸರ್ಕಾರ 2022ರಿಂದ ಲಾಭಕ್ಕೆ ಶೇ 30ರಷ್ಟು ತೆರಿಗೆ, ವಹಿವಾಟಿಗೆ ಶೇ 1ರಷ್ಟು ಟಿಡಿಎಸ್ ಹಿಡಿಯುತ್ತಿದೆ. ನಷ್ಟವಾದರೆ ಅದು ನಿಮ್ಮದೇ.

ಸಮುದಾಯದ ಅಭಿಪ್ರಾಯ ಕೇಳುವ ಚಟವೂ ಇಲ್ಲಿಗೆ ಬಂದಿದೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ 23 ಕೋಟಿ ಡಾಲರ್ ಆಸುಪಾಸಿನ ಕ್ರಿಪ್ಟೊ ಕಳುವಾಯಿತು. ಅದು ಡಾವೊ ಅಲ್ಲ, ಮಾಮೂಲಿ ಕಂಪನಿ. ಆದರೂ ಕೆಲವೇ ದಿನಗಳಲ್ಲಿ ಗ್ರಾಹಕರ ಮುಂದೆ ಒಂದು ಪೋಲ್ ಇಟ್ಟಿತು. ನಿಮ್ಮ ಹಣದಲ್ಲಿ ಶೇ 55ರಷ್ಟು ಬಳಕೆಗೆ, ಶೇ 45ರಷ್ಟು ಬೀಗದೊಳಗೆ. ಹಣ ತೆಗೆಯದೆ ವಸೂಲಿಯ ಸಾಲಿನಲ್ಲಿ ಮುಂದೆ ನಿಲ್ಲುತ್ತೀರೋ, ತೆಗೆದು ಹಿಂದೆ ನಿಲ್ಲುತ್ತೀರೋ, ಆರಿಸಿ. ಜನ ರೇಗಿದರು. ಈ ಪೋಲ್‌ಗೆ ಕಾನೂನಿನ ಬಂಧವಿಲ್ಲ ಎಂದು ಸ್ಪಷ್ಟನೆ ಬಂತು. ಕಳೆದುಕೊಂಡವನ ಕೈಗೇ ಎರಡು ಆಯ್ಕೆ ಕೊಟ್ಟು ನಿಮ್ಮ ಇಷ್ಟ ಎನ್ನುವುದು ಎಂಥ ಸೌಜನ್ಯ!

ಇಷ್ಟೆಲ್ಲ ತಲೆನೋವಿಗೆ ಮದ್ದು ಹುಡುಕಲು ಸ್ವಿಟ್ಜರ್ಲೆಂಡ್, ಸಿಂಗಪುರ ಸುತ್ತಬೇಕಾಗಿಲ್ಲ. ಗದಗದ ಹತ್ತಿರ ಕಣಗಿನಹಾಳ ಎಂಬ ಊರಿದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಲ್ಲಿ ಹುಟ್ಟಿತು. ಸಹಕಾರದ ಮೂಲ ತತ್ವ ಒಂದೇ ಸಾಲಿನದು. ಒಬ್ಬ ಸದಸ್ಯನಿಗೆ ಒಂದೇ ಮತ. ಹತ್ತು ಷೇರು ಇದ್ದವನಿಗೂ ಒಂದೇ, ಸಾವಿರ ಇದ್ದವನಿಗೂ ಒಂದೇ. ಇದನ್ನು ತಿಳಿಸಲು ಯಾರೂ ಕಾರ್ಟೂನ್ ವಿಡಿಯೊ ಮಾಡಬೇಕಾಗಲಿಲ್ಲ.

ಸಹಕಾರ ಸಂಘಗಳೇನು ದೇವಲೋಕವಲ್ಲ. ಎಷ್ಟೋ ಕಡೆ ಬೋಗಸ್ ಸದಸ್ಯರಿದ್ದಾರೆ. ನಿರ್ದೇಶಕರೇ ಬ್ಯಾಂಕಿಗೆ ಕನ್ನ ಹಾಕಿದ್ದಾರೆ. ಠೇವಣಿ ಇಟ್ಟ ಮುದುಕರು ರಸ್ತೆಯಲ್ಲಿ ಅತ್ತಿದ್ದಾರೆ. ಆದರೆ ಅಲ್ಲಿ ಕಳ್ಳತನ ಆದಾಗ ಅದಕ್ಕೆ ಕಳ್ಳತನ ಎಂದೇ ಹೇಳುತ್ತೇವೆ. ರಿಜಿಸ್ಟ್ರಾರ್‌ಗೆ ದೂರು ಕೊಡಬಹುದು. ಮಹಾಸಭೆಯಲ್ಲಿ ಎದ್ದು ನಿಂತು ಅಧ್ಯಕ್ಷನ ಮುಖಕ್ಕೇ ಕೇಳಬಹುದು. ಫ್ಲ್ಯಾಶ್ ಲೋನ್ ಎತ್ತಿದವನ ಮುಖ ಎಲ್ಲಿದೆ?

ಒಬ್ಬರಿಗೆ ಒಂದೇ ಮತ ಕೊಡಿ ಎಂದರೆ ಇವರ ಹತ್ತಿರ ಉತ್ತರ ರೆಡಿ. ಒಬ್ಬನೇ ಸಾವಿರ ವಾಲೆಟ್ ತೆರೆದರೆ ಏನು ಮಾಡುವುದು? ನ್ಯಾಯವಾದ ಪ್ರಶ್ನೆ. ಉತ್ತರವೂ ಕಷ್ಟದ್ದೇ. ಯಾರು ಯಾರೆಂದು ಗುರುತು ಹಿಡಿಯಬೇಕಾಗುತ್ತದೆ. ಗುರುತಿಲ್ಲದಿರುವುದೇ ನಮ್ಮ ಹೆಮ್ಮೆ ಎಂದವರು ಅದಕ್ಕೆ ಒಪ್ಪುವುದಿಲ್ಲ. ಹಾಗಾದರೆ ಅದನ್ನೇ ನೇರವಾಗಿ ಹೇಳಿ. ನಮಗೆ ಮನುಷ್ಯರನ್ನು ಎಣಿಸಲು ಬರುವುದಿಲ್ಲ, ಆದ್ದರಿಂದ ದುಡ್ಡು ಎಣಿಸುತ್ತೇವೆ ಎನ್ನಿ. ಈಥೀರಿಯಂ ಹುಟ್ಟಿಸಿದ ವಿಟಾಲಿಕ್ ಬ್ಯುಟೆರಿನ್ ಕೂಡ ಟೋಕನ್ ಎಣಿಸಿ ಮತ ಹಾಕುವ ಪದ್ಧತಿ ಸಾಲದು ಎಂದು 2021ರಲ್ಲೇ ಬರೆದರು. ಅವರ ಮಾತೇ ನಡೆಯದ ಕಡೆ ನಮ್ಮ 400 ನಡೆಯುತ್ತದೆಯೇ?

ಇಷ್ಟಾದರೂ ಪಾಲ್ಗೊಳ್ಳಬೇಕು ಎಂದು ಉತ್ಸಾಹ ಬಂದವರು ಊಕಿ ಡಾವೊದ ಕತೆ ಕೇಳಿ ಹೋಗಿ. 2021ರಲ್ಲಿ ಬಿಝೆಡ್‌ಎಕ್ಸ್ ಎಂಬ ಕಂಪನಿ ತನ್ನ ವ್ಯವಹಾರವನ್ನು ಡಾವೊ ಕೈಗೆ ದಾಟಿಸಿತು. ಸಮುದಾಯದ್ದಾದರೆ ನಿಯಂತ್ರಕರಿಗೆ ಹಿಡಿಯಲು ಯಾರೂ ಸಿಗುವುದಿಲ್ಲ ಎಂಬುದು ಲೆಕ್ಕಾಚಾರ. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಯಿದೆ ವಹಿವಾಟು ನಿಯಂತ್ರಕ ಸಂಸ್ಥೆ ಸಿಎಫ್‌ಟಿಸಿ ಡಾವೊ ಮೇಲೆಯೇ ಕೇಸು ಹಾಕಿತು. ಕಚೇರಿ ಇಲ್ಲದವರಿಗೆ ನೋಟಿಸ್ ಕೊಡುವುದೆಲ್ಲಿ? ಗ್ರಾಹಕರ ನೆರವಿಗೆ ಇಟ್ಟಿದ್ದ ಚಾಟ್ ಬಾಕ್ಸ್‌ನಲ್ಲೇ ಹಾಕಿತು. 2023ರಲ್ಲಿ ನ್ಯಾಯಾಲಯ 6,43,542 ಡಾಲರ್ ದಂಡ ವಿಧಿಸಿತು.

ಅದಲ್ಲ ವಿಷಯ. ಈ ಡಾವೊದ ಸದಸ್ಯರು, ಅಂದರೆ ಹೊಣೆಗಾರರು ಯಾರು ಎಂಬುದಕ್ಕೆ ಸಿಎಫ್‌ಟಿಸಿ ಕೊಟ್ಟ ವ್ಯಾಖ್ಯೆ ನೋಡಿ. ಟೋಕನ್ ಇಟ್ಟುಕೊಂಡವರೆಲ್ಲ ಅಲ್ಲ, ಟೋಕನ್ ಬಳಸಿ ಮತ ಹಾಕಿದವರು. ಸಿಎಫ್‌ಟಿಸಿಯ ಆಗಿನ ಸದಸ್ಯೆ ಸಮ್ಮರ್ ಮರ್ಸಿಂಜರ್ ಇದು ಸರಿಯಲ್ಲ ಎಂದು ಭಿನ್ನಮತ ಬರೆದರು. ಅದು ಭಿನ್ನಮತವಾಗಿಯೇ ಉಳಿಯಿತು. ಮಲಗಿದ್ದವನು ಪಾರು. ಎದ್ದು ಬಂದು ಬಟನ್ ಒತ್ತಿದವನು ಪಾಲುದಾರ. ದೊಡ್ಡ ಹಸಿರು ಬಟನ್‌ನ ಕೆಳಗೆ ಸಣ್ಣ ಅಕ್ಷರದಲ್ಲಿಯಾದರೂ ಇದನ್ನು ಬರೆಯುತ್ತಾರೆಯೇ?

ಆದ್ದರಿಂದ ಓದುಗರಲ್ಲಿ ಒಂದು ಮಾತು. ಯಾರಾದರೂ ನಿಮ್ಮನ್ನು ಡಾವೊ ಮತದಾನಕ್ಕೆ ಕರೆದರೆ ಅರ್ಥಕೋಶ ಓದಬೇಡಿ, ವಿಡಿಯೊ ನೋಡಬೇಡಿ. ಅವರ ಹಿಂದಿನ ಪ್ರಸ್ತಾವವೊಂದನ್ನು ತೆರೆಯಿರಿ. ಯಾವ ವಾಲೆಟ್ ಎಷ್ಟು ಮತ ಹಾಕಿದೆ ಎಂಬ ಪಟ್ಟಿ ಅಲ್ಲೇ ಇರುತ್ತದೆ. ಮೇಲಿನ ಹತ್ತು ವಾಲೆಟ್‌ಗಳ ಮತ ಕೂಡಿಸಿ. ಅದಕ್ಕೆ ಕೋಡ್ ಬರಬೇಕಿಲ್ಲ, ಮೂರನೇ ಕ್ಲಾಸಿನ ಸಂಕಲನ ಸಾಕು. ಆ ಹತ್ತರ ಮೊತ್ತ ಕೋರಂ ದಾಟಿದ್ದರೆ ಗ್ಯಾಸ್ ಫೀ ಉಳಿಸಿಕೊಳ್ಳಿ.